ಎರಡು ರೀಡಿಂಗುಗಳ ನಡುವೆ

ಮೀಟರು ಒಳಗೆ ಉಂಟು, ಎಂದಳು ಹುಡುಗಿ.
ಹೊರಗಿರಬೇಕು, ಅದು ನಿಯಮ, ಎಂದೆ.
ಹಳೇ ಕಟ್ಟಡ ಮಾರಾಯ್ರೆ, ಬನ್ನಿ.

ಕೊಡಿಯಾಲ್‌ಬೈಲಿನ ಆ ಓಣಿಯಲ್ಲಿ
ಅದು ಮೊದಲು ದರ್ಜಿಯ ಅಂಗಡಿ, ಆಮೇಲೆ ಟ್ಯುಟೋರಿಯಲ್,
ಈಗ ಗ್ಯಾಲರಿಯಂತೆ.
ಚಪ್ಪಲಿ ಕಳಚಬೇಕೋ ಬೇಡವೋ ತಿಳಿಯದೆ
ಒಂದು ಕಾಲಿನದು ಮಾತ್ರ ಕಳಚಿ ನಿಂತೆ.

ಗೋಡೆ ತುಂಬ ಚೌಕ, ಚೌಕದೊಳಗೆ ಊರು.
ಹೆಸರು: ಡ್ಲಕು.
ಎರಡು ಸಲ ಓದಿದೆ. ಮೂರನೆಯ ಸಲ ಹಿಂದಿನಿಂದ ಓದಿ
ನಕ್ಕೆ, ಜೋರಾಗಿಯೇ.

ಡ್ಲಕುವಿನಲ್ಲಿ ಹದಿನೈದು ನಂಬರಿನ ಬಸ್ಸಿಗೆ ಕಿವಿರು,
ಮಾರ್ಕೆಟಿನ ಮೇಲಿಂದ ಈಜಿಕೊಂಡು ಹೋಗುತ್ತದೆ.
ಸರ್ಕಲ್ಲಿನಲ್ಲಿ ಟ್ರಾಫಿಕ್ ನೋಡುವವ ಒಬ್ಬ ಬಂಗುಡೆ,
ಸೀಟಿ ಊದಿದರೆ ಬರೀ ಗುಳ್ಳೆ.
ಸಂಜೆಯಾದರೆ ಮಾಡಿನ ಹಂಚುಗಳು ಒಂದೊಂದಾಗಿ ಎದ್ದು
ಗುಂಪು ಕಟ್ಟಿ ಗುರುಪುರ ಹೊಳೆಯ ಕಡೆ ಹಾರುತ್ತವೆ
ಹುಟ್ಟಿದ ಮಣ್ಣನ್ನು ಒಮ್ಮೆ ಮೂಸಿ ಬರಲಿಕ್ಕೆ.

ಊರಿನ ನೆರಳನ್ನೆಲ್ಲ ಕದ್ದು ಗಂಟು ಕಟ್ಟುವ
ಹಳದಿ ಕ್ರೇನು ಒಂದು.
ಅದರ ಎದುರು ನಿಂತದ್ದು ಯಾರು?
ನೈಟಿ. ನೈಟಿಯ ಮೇಲೆ ಬೈರಾಸು.
ಮೀನಿನವನ ಹಾರ್ನ್ ಕೇಳಿ ಗೇಟಿಗೆ ಓಡುವಾಗ
ಎಲ್ಲರ ಹೆಗಲಿಗೂ ಬೀಳುತ್ತದಲ್ಲ, ಅದೇ ಬೈರಾಸು
ಇಲ್ಲಿ ಗಾಳಿಗೆ ಬಿಚ್ಚಿಕೊಂಡು ರೆಕ್ಕೆ.
ಬೈರಾಸಕ್ಕ ಹಾರುತ್ತಿದ್ದಾಳೆ, ಕಂಕುಳಲ್ಲಿ
ತೆಂಗಿನಕಾಯಿ ತುರಿಯುವ ಮಣೆ.

ಇಪ್ಪತ್ತು ವರ್ಷ, ದಿನಕ್ಕೆ ಎಂಬತ್ತು ಗೇಟು ತಟ್ಟಿದವ ನಾನು.
ಆ ಬೈರಾಸನ್ನು ನೋಡಿಯೇ ಇರಲಿಲ್ಲ.

ಒಂದು ಚೌಕದಲ್ಲಿ ಅವಳು ನೆಗೆಯುತ್ತಾಳೆ,
ಮುಂದಿನದರಲ್ಲಿ ಕ್ರೇನು ಮಂಡಿಯೂರಿ ಕೂತಿದೆ.
ನಡುವೆ ಎರಡು ಬೆರಳಿನಷ್ಟು ಬಿಳಿ.
ಇಲ್ಲಿ ಎಂತ ಆಯ್ತು? ಕೇಳಿದೆ.

ಮೂಲೆಯಲ್ಲಿ ಗೋಳಿಬಜೆ ತಿನ್ನುತ್ತಿದ್ದ ಹುಡುಗಿ,
ಅವಳೇ ಚಿತ್ರ ಬರೆದವಳು, ವಿಲ್ಮಾ ಕ್ರಾಸ್ತಾ,
ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೇಳಿದಳು:
ಅದನ್ನು ನಾನು ಬರೆಯುವುದಿಲ್ಲ ಅಣ್ಣ.
ಬರೆದರೆ ಅಲ್ಲಿಗೇ ಮುಗೀತದೆ.
ನೋಡುವವರು ಅಲ್ಲಿ ಸ್ವಲ್ಪ ಹೊತ್ತು ಇರಬೇಕು.

ನಾನು ಇರುವುದೇ ಅಲ್ಲಿ, ಎನ್ನಬೇಕೆನಿಸಿತು.
ಬಿಜೈಯ ಒಂದು ಮನೆ: ಒಂದು ತಿಂಗಳು ನಲವತ್ತೆರಡು ಯೂನಿಟ್,
ಮುಂದಿನ ತಿಂಗಳು ನೂರ ಹತ್ತು.
ಅಂಗಳದ ಹಗ್ಗದಲ್ಲಿ ಅಂಗೈಯಗಲದ ಬಟ್ಟೆಗಳು.
ಇನ್ನೊಂದು ಮನೆ, ಎರಡು ಮೀಟರು ಆಗಿದೆ ಈಗ,
ಅಣ್ಣನದೊಂದು, ತಮ್ಮನದೊಂದು,
ಎರಡೂ ಬಿಲ್ಲನ್ನು ಒಬ್ಬಳೇ ಅತ್ತಿಗೆ ಕೈಚಾಚಿ ತಗೊಳ್ಳುತ್ತಾಳೆ.
ನನ್ನ ಯಂತ್ರದಲ್ಲಿ ಹಿಂದಿನದು, ಈಗಿನದು, ಅಷ್ಟೇ.
ನಡುವಿನ ಮೂವತ್ತು ದಿನ ಬಿಳಿ.

ನನ್ನ ಮನೆಯ ಮೀಟರು ಓದುವವ ಬೇರೆ, ತುಕ್ರಪ್ಪ ಅಂತ.
ಮಾರ್ಚಿನಲ್ಲಿ ರಾತ್ರಿ ಮೂರರ ತನಕ ನಮ್ಮಲ್ಲಿ ದೀಪ ಉರಿದದ್ದು
ಅವನಿಗೂ ಗೊತ್ತು.
ಏನೂ ಕೇಳಲಿಲ್ಲ. ಬಿಲ್ಲು ಹರಿದು ಕೊಟ್ಟು
ಬಿಸಿಲು ಜೋರುಂಟು, ಎಂದ.

ಮೀಟರು ಸಿಕ್ಕಿತು. ಕೊನೆಯ ಚೌಕದ ಹಿಂದೆ,
ಬೈರಾಸಕ್ಕ ಎಲ್ಲರ ನೆರಳನ್ನು ಜಪ್ಪಿ ಕೊಡವಿ
ಒಣಗಲು ಹಾಕುವ ಚಿತ್ರದ ಹಿಂದೆ.
ವಿಲ್ಮಾ ಚೌಕಟ್ಟನ್ನು ಬಾಗಿಲಿನಂತೆ ಸರಿಸಿ ಹಿಡಿದಳು.
ನಾಲ್ಕು ಸಾವಿರದ ಎಂಟುನೂರ ಎಪ್ಪತ್ತೊಂದು.
ಯಂತ್ರದಿಂದ ಕಾಗದದ ಪಟ್ಟಿ ಚಿರ್ರನೆ ಬಂತು.
ಇದೂ ಕಾಮಿಕ್ಸೇ, ಎಂದಳು.
ಮಾತಿನ ಗುಳ್ಳೆ ಇಲ್ಲ, ಎಂದೆ. ನಗಿಸಿದೆನಲ್ಲ ಎಂದು ಖುಷಿ.

ಮುಂದಿನ ತಿಂಗಳು ಹೋದಾಗ ಬರೀ ಮೊಳೆಗಳು.
ಗೋಡೆಯಲ್ಲಿ ಚೌಕವಿದ್ದ ಕಡೆ ಬಣ್ಣ ಸ್ವಲ್ಪ ಹೊಸತು.
ಐದು ಸಾವಿರದ ಎಂಬತ್ತಮೂರು.
ಕಟ್ಟಡದ ಧಣಿ ಕನ್ನಡಕ ಏರಿಸಿ ಪಟ್ಟಿ ನೋಡಿದರು:
ಇನ್ನೂರ ಹನ್ನೆರಡಾ? ಬರೀ ಹತ್ತು ದಿನ ತೆರೆದದ್ದು!
ಇಲ್ಲಿ ಎಂತ ಮಿಲ್ಲು ಓಡಿಸಿದ್ರಾ?

ರೀಡಿಂಗ್ ಸರಿಯಾಗಿಯೇ ಉಂಟು, ಎಂದೆ.
ಬಸ್ಸು ಓಡಿತ್ತಲ್ಲ.